ಒಂಬತ್ತು ಅಡಿ

ಆ ಹಾವು ನನ್ನಿಂದ ಮೂರು ಅಡಿ ದೂರದಲ್ಲಿತ್ತು ಎಂದು ನಾನು ಹನ್ನೆರಡು ವರ್ಷ ಹೇಳಿಕೊಂಡು ಬಂದೆ. ಮದುವೆ ಮನೆಗಳಲ್ಲಿ ಹೇಳಿದೆ, ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದೆ, ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ರಾತ್ರಿ ರೈಲಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಹೇಳಿದ ಹಾಗೆಲ್ಲ ಹಾವು ಒಂದಿಷ್ಟು ದಪ್ಪವಾಗುತ್ತ ಹೋಯಿತು. ಆದರೆ ಮೂರು ಅಡಿ ಮಾತ್ರ ಮೂರು ಅಡಿಯಾಗಿಯೇ ಉಳಿಯಿತು, ಏಕೆಂದರೆ ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಜೊತೆಗಿದ್ದ ಗಣಿ ಅಜ್ಜ ಅಂದೇ, ಅಲ್ಲೇ, ಹೆಜ್ಜೆ ಹಾಕಿ ಅಳೆದು ಒಂಬತ್ತು ಅಡಿ ಎಂದಿದ್ದರು. ವಯಸ್ಸಾದವರು, ಕಣ್ಣು ಮಂಜು ಎಂದುಕೊಂಡು ಆ ಮಾತನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

2009ರ ಏಪ್ರಿಲ್ ತಿಂಗಳು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ಗೆ ಓದಲು ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಮರುಭೂಮಿಯ ಊರು ಎಂದಾಗ ಮನೆಯವರೆಲ್ಲ ಮರಳು ದಿಬ್ಬ, ಒಂಟೆ ನೆನೆಸಿಕೊಂಡು ಮರುಗಿದ್ದರು. ಬಂದು ನೋಡಿದರೆ ನನಗೆ ಕಂಡದ್ದು ನಮ್ಮ ಬಳ್ಳಾರಿ ಸೀಮೆಯೇ. ಕಲ್ಲುಗುಡ್ಡ, ಕಾದು ಬಿಳುಚಿದ ಆಕಾಶ, ನೀರಿಲ್ಲದ ಹಳ್ಳ. ಹಳ್ಳ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ: ವರ್ಷದಲ್ಲಿ ನಾಲ್ಕು ದಿನ ದನ ಕೊಚ್ಚಿಕೊಂಡು ಹೋಗುವಂತೆ ಹರಿದು, ಉಳಿದ ದಿನವೆಲ್ಲ ಬರೀ ಉಸುಕಾಗಿ ಬಿದ್ದಿರುವ ದಾರಿ. ಅಲ್ಲಿಯವರು ಅದಕ್ಕೆ ವಾಶ್ ಅನ್ನುತ್ತಾರೆ. ಸೊನೊರಾ ಮರುಭೂಮಿಗೆ ಎರಡು ಮಳೆಗಾಲ, ಚಳಿಗಾಲದ್ದೊಂದು, ಬೇಸಿಗೆಯದ್ದೊಂದು. ಬೇಸಿಗೆಯ ಮಳೆಗೆ ಅವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಎರಡೂ ಸೇರಿ ಟೂಸಾನ್‌ಗೆ ಬೀಳುವುದು ಸುಮಾರು 300 ಮಿಲಿಮೀಟರ್. ಅಷ್ಟರಲ್ಲೇ ಅಲ್ಲಿ ಒಂದು ಕಾಡು ನಿಂತಿದೆ.

ಆ ಕಾಡಿನ ಗಿಡಗಳನ್ನು ನೋಡಿ ಮೊದಲ ವಾರವೇ ಬೆರಗಾಗಿದ್ದೆ. ಮೆಸ್ಕೀಟ್ ಎಂದು ಅವರು ಕರೆಯುವ ಮುಳ್ಳುಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದೇ ಸಣ್ಣ ಎಲೆ, ಅದೇ ಹಳದಿ ಕಾಯಿ, ಚಪ್ಪಲಿ ತೂರಿ ಬರುವ ಅದೇ ಮುಳ್ಳು. ಬಳ್ಳಾರಿಯ ಹೆಸರನ್ನೇ ಹೊತ್ತುಕೊಂಡಿರುವ ಜಾಲಿ ಬಳ್ಳಾರಿಯದಲ್ಲ, ಅಮೆರಿಕ ಖಂಡದಿಂದ ತಂದು ನೆಟ್ಟದ್ದು ಎಂದು ನನಗೆ ತಿಳಿದದ್ದು ಅಲ್ಲಿ. ಪಾಪಾಸುಕಳ್ಳಿಯೂ ಹಾಗೆಯೇ ಬಂದದ್ದು. ನಮ್ಮಪ್ಪನ ಹೊಲದ ಬೇಲಿಯ ಅರ್ಧ ಭಾಗ ಜಾಲಿ, ಇನ್ನರ್ಧ ಪಾಪಾಸುಕಳ್ಳಿ. ಪರದೇಶಕ್ಕೆ ಹೋದೆ ಎಂದುಕೊಂಡಿದ್ದವನು ನಮ್ಮ ಬೇಲಿಯ ತವರುಮನೆಗೆ ಹೋಗಿದ್ದೆ.

ನಮ್ಮಲ್ಲಿಲ್ಲದ್ದು ಎಂದರೆ ಸಗ್ವಾರೊ. ನಾಲ್ಕಾಳು, ಐದಾಳು ಎತ್ತರದ ಕಳ್ಳಿ, ಮೈತುಂಬ ನಿರಿಗೆ. ಮಳೆ ಬಂದಾಗ ನೀರು ಕುಡಿದು ನಿರಿಗೆ ಬಿಚ್ಚಿ ದಪ್ಪವಾಗುತ್ತದೆ, ಬರದಲ್ಲಿ ಮತ್ತೆ ನಿರಿಗೆ ಹಿಡಿಯುತ್ತದೆ. ಅದಕ್ಕೆ ಮೊದಲ ತೋಳು ಮೂಡುವುದಕ್ಕೇ ಐವತ್ತು, ಎಪ್ಪತ್ತು ವರ್ಷ ಹಿಡಿಯುತ್ತದಂತೆ. ಗುಡ್ಡದ ತುಂಬ ಇವು ಕೈಯೆತ್ತಿ ನಿಂತಿರುವುದನ್ನು ಮೊದಲ ಸಲ ಕಂಡಾಗ ಉರುಸಿನ ಜನಜಂಗುಳಿ ನೆನಪಾಯಿತು. ಮತ್ತೊಂದು ಇಲ್ಲದ್ದು ಗಿಲಕಿ ಹಾವು. ಅಮೆರಿಕ ಖಂಡಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಅದಿಲ್ಲ. ಅರಿಜೋನಾ ಒಂದರಲ್ಲೇ 13 ಜಾತಿಯವು ಇವೆ.

ಗಣಿ ಅಜ್ಜ ನಮ್ಮ ಬಾಡಿಗೆ ಮನೆಯ ಪಕ್ಕದ ಮನೆಯವರು. ತಾಮ್ರದ ಗಣಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾಗಿದ್ದರು. ಹೆಸರು ಹಿಡಿದು ಕರೆ ಎಂದು ಮೊದಲ ದಿನವೇ ಹೇಳಿದ್ದರು, ನನ್ನ ನಾಲಿಗೆ ಏಳಲಿಲ್ಲ. ಎದುರಿಗೆ ಸರ್ ಎನ್ನುತ್ತಿದ್ದೆ, ಮನಸ್ಸಿನೊಳಗೆ ಗಣಿ ಅಜ್ಜ. ನಾನು ಬಳ್ಳಾರಿ ಕಡೆಯವನು, ನಮ್ಮಲ್ಲೂ ಗುಡ್ಡ ಒಡೆದು ಕಬ್ಬಿಣದ ಅದಿರು ತೆಗೆಯುತ್ತಾರೆ ಎಂದು ತಿಳಿದ ಮೇಲೆ ನನ್ನ ಮೇಲೆ ಅವರಿಗೆ ವಿಶೇಷ ಅಕ್ಕರೆ. ಆ ಶನಿವಾರ ಒಂದು ಹಳೇ ಗಣಿ ತೋರಿಸುತ್ತೇನೆ ಬಾ ಎಂದು ಅವರೇ ಕರೆದರು.

ಟೂಸಾನ್‌ನ ಎರಡೂ ಮಗ್ಗುಲಿಗೆ ಸಗ್ವಾರೊ ರಾಷ್ಟ್ರೀಯ ಉದ್ಯಾನದ ಎರಡು ತುಂಡುಗಳಿವೆ. ನಾವು ಹೋದದ್ದು ಪಡುವಣ ತುಂಡಿಗೆ, ಕಿಂಗ್ ಕ್ಯಾನಿಯನ್ ಎಂಬ ಕಣಿವೆಗೆ. ಕಾರು ನಿಲ್ಲಿಸುವ ಜಾಗದಿಂದ ದಾರಿ ಎರಡಾಗಿ ಒಡೆಯುತ್ತದೆ. ಒಂದು ಗೂಲ್ಡ್ ಮೈನ್ ಕಡೆಗೆ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ತಾಮ್ರಕ್ಕಾಗಿ ತೋಡಿ, ಗಿಟ್ಟದೆ, ಕೈಬಿಟ್ಟುಹೋದ ಗಣಿ ಅದು. ಹೆಸರು ಕೇಳಿ ಚಿನ್ನದ ಗಣಿ ಎಂದುಕೊಂಡಿದ್ದೆ, ಗೂಲ್ಡ್ ಎಂಬುದು ಬರೀ ಮನುಷ್ಯನ ಹೆಸರು. ಇನ್ನೊಂದು ದಾರಿ ಹಳ್ಳಗುಂಟ ಹೋಗುತ್ತದೆ. ಆ ಹಳ್ಳದ ಬಂಡೆಗಳ ಮೇಲೆ ಹೊಹೊಕಮ್ ಜನ ನೂರಾರು ವರ್ಷಗಳ ಹಿಂದೆ ಕುಟ್ಟಿ ಕುಟ್ಟಿ ಬರೆದ ಚಿತ್ರಗಳಿವೆ. ಮೊದಲು ಚಿತ್ರ, ಬರುವಾಗ ಗಣಿ ಎಂದು ಅಜ್ಜ ತೀರ್ಮಾನಿಸಿದರು.

ಬೆಳಗಿನ ಎಂಟೂವರೆ, ಒಂಬತ್ತು. ಚಳಿ ಬಿಟ್ಟು ಬಿಸಿಲು ಇನ್ನೂ ಚುರುಕಾಗದ ಹೊತ್ತು. ಪಾಲೊ ವೆರ್ಡೆ ಮರಗಳು ಹಳದಿ ಹೂ ಚೆಲ್ಲಿದ್ದವು, ಉಸುಕಿನ ಮೇಲೆ ಅರಿಸಿನ ಎರಚಿದ ಹಾಗಿತ್ತು. ಅಜ್ಜ ಮುಂದೆ, ಕೈಯಲ್ಲೊಂದು ಕೋಲು. ನಾನು ಹಿಂದೆ, ಕೈಯಲ್ಲಿ ಹೊಸದಾಗಿ ಕೊಂಡ ಕ್ಯಾಮೆರಾ. ಹೂಗಳ ಫೋಟೊ ತೆಗೆಯುತ್ತ ನಾನು ಹಳ್ಳದ ಎಡದಂಡೆಗೆ ಸರಿದಿದ್ದೆ.

ಆಗ ಸದ್ದು ಬಂತು.

ನಿಜ ಹೇಳಬೇಕೆಂದರೆ ಮೊದಲ ಗಳಿಗೆಯಲ್ಲಿ ನನಗೆ ಭಯವಾಗಲೇ ಇಲ್ಲ. ಮನಸ್ಸು ನೇರವಾಗಿ ನಮ್ಮೂರ ಶಾಲೆಯ ಮುಂದಿನ ಗುಲ್‌ಮೊಹರ್ ಮರದ ಕೆಳಗೆ ಹೋಗಿ ನಿಂತಿತು. ಅದರ ಉದ್ದನೆಯ ಒಣಕಾಯಿಯನ್ನು ಕತ್ತಿ ಮಾಡಿಕೊಂಡು ಹೊಡೆದಾಡುತ್ತಿದ್ದೆವು. ಬೀಸಿದರೆ ಒಳಗಿನ ಬೀಜಗಳು ಜರ್ ಎನ್ನುತ್ತಿದ್ದವು. ಯಾವುದೋ ಒಣಕಾಯಿ ಗಾಳಿಗೆ ಅಲ್ಲಾಡುತ್ತಿದೆ ಎಂದುಕೊಂಡು ಇನ್ನೊಂದು ಹೆಜ್ಜೆ ಇಟ್ಟೆ. ಇಟ್ಟ ಕೂಡಲೇ ಆ ಜರ್ ಜರ್ ಎಂಬುದು ಒಂದೇ ಎಳೆಯ ಸೀಳು ಸದ್ದಾಯಿತು, ಒಗ್ಗರಣೆಗೆ ನೀರು ಬಿದ್ದ ಹಾಗೆ. ಗಾಳಿ ಇಲ್ಲವಲ್ಲ ಎಂದು ಹೊಳೆದದ್ದು ಆಮೇಲೆ. ಸದ್ದು ಪಾದದ ಬುಡದಿಂದಲೇ ಬರುತ್ತಿದೆ ಅನ್ನಿಸಿತು. ಕೆಳಗೆ ನೋಡಿದೆ, ಏನೂ ಇಲ್ಲ. ಎಡಕ್ಕೆ ನೋಡಿದೆ, ಪಾಲೊ ವೆರ್ಡೆಯ ಚುಕ್ಕೆ ಚುಕ್ಕೆ ನೆರಳು. ಆ ನೆರಳಲ್ಲಿ ಒಂದು ಭಾಗ ನನ್ನನ್ನು ನೋಡುತ್ತಿತ್ತು.

ಸಿಂಬಿ ಸುತ್ತಿಕೊಂಡು ಕೂತಿತ್ತು. ಬಣ್ಣ ಎಂದು ಹೇಳುವಂಥದ್ದೇನೂ ಇಲ್ಲ, ಹಳ್ಳದ ದೂಳಿನ ಬಣ್ಣ. ಬೆನ್ನ ಮೇಲೆ ಮಾತ್ರ ಹಳೇ ಕೌದಿಗೆ ಹಚ್ಚಿದ ತೇಪೆಗಳಂತೆ ಓರೆ ಚೌಕಗಳು, ಸುತ್ತ ಮಾಸಿದ ಬಿಳಿ ಅಂಚು. ಬಾಲಕ್ಕೆ ಬರುವ ಹೊತ್ತಿಗೆ ಯಾರೋ ಬೇರೆಯವರು ಬಣ್ಣ ಬಳಿದ ಹಾಗೆ ಅಚ್ಚ ಬಿಳಿ, ಅಚ್ಚ ಕಪ್ಪು ಪಟ್ಟಿಗಳು, ರೈಲ್ವೆ ಗೇಟಿನ ಕಂಬದ ಥರ. ವೆಸ್ಟರ್ನ್ ಡೈಮಂಡ್‌ಬ್ಯಾಕ್ ಅನ್ನುತ್ತಾರೆ, ಆ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವ ಗಿಲಕಿ ಹಾವು. ಪಟ್ಟಿಗಳಾಚೆ ಬಾಲದ ತುದಿ ನೆಟ್ಟಗೆ ನಿಂತಿತ್ತು. ತುದಿ ಕಾಣುತ್ತಿರಲಿಲ್ಲ, ಕಂದು ಬಣ್ಣದ ಒಂದು ಮಸುಕು ಅಷ್ಟೆ, ಫ್ಯಾನಿನ ರೆಕ್ಕೆ ಕಾಣದ ಹಾಗೆ. ಇಷ್ಟೆಲ್ಲ ಗಲಾಟೆ ಬಾಲದಲ್ಲಿ. ತಲೆಯಲ್ಲಿ ಏನೂ ಇಲ್ಲ. ಸಿಂಬಿಯಿಂದ ಗೇಣುದ್ದ ಮೇಲೆದ್ದು, ಕುತ್ತಿಗೆ ಕೊಕ್ಕೆಯಂತೆ ಮಡಚಿ, ಕದಲದೆ ನಿಂತಿತ್ತು. ಕರಿ ನಾಲಿಗೆ ಮಾತ್ರ ನಿಧಾನವಾಗಿ ಹೊರಗೆ ಬಂದು, ಮೇಲೆ ಕೆಳಗೆ ಆಡಿ, ಒಳಗೆ ಹೋಗುತ್ತಿತ್ತು.

ಮುಂದಿನದನ್ನು ನಾನು ಮದುವೆ ಮನೆಗಳಲ್ಲಿ ಹೇಳುತ್ತಿರಲಿಲ್ಲ. ನನ್ನ ಕೈ ಬಗ್ಗಿ ಕಲ್ಲು ಹುಡುಕಿತು. ನಾನು ಬಗ್ಗಿದೆ ಎನ್ನುವುದಕ್ಕಿಂತ ಕೈ ಬಗ್ಗಿತು ಎನ್ನುವುದೇ ಸರಿ. ಹಾವು ಕಂಡರೆ ಕೈಗೆ ಕಲ್ಲು ಬರಬೇಕು ಎಂಬುದು ನಮ್ಮೂರ ಹುಡುಗರಿಗೆ ಯಾರೂ ಹೇಳಿಕೊಡದ ಪಾಠ. ನಾಗರ ಹಾವಾದರೆ ಕೈ ಒಂದು ಕ್ಷಣ ತಡೆಯುತ್ತದೆ, ಪಂಚಮಿಗೆ ಹುತ್ತಕ್ಕೆ ಹಾಲೆರೆದದ್ದು ನೆನಪಾಗುತ್ತದೆ. ಹೊಡೆದರೂ ಆಮೇಲೆ ಒಂದು ಕಾಸು ಇಟ್ಟು, ತುಪ್ಪ ಸುರಿದು, ಸುಟ್ಟು, ಕೈಮುಗಿಯುತ್ತಾರೆ. ಉಳಿದ ಹಾವುಗಳಿಗೆ ಅಂಥ ಮರ್ಯಾದೆ ಇಲ್ಲ.

"ಕೈ ಮೇಲೆತ್ತು" ಎಂದರು ಅಜ್ಜ. ಕೂಗಲಿಲ್ಲ. ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ.

ಅಷ್ಟರಲ್ಲಿ ಕಲ್ಲು ಕೈಗೆ ಬಂದಿತ್ತು. ಎಸೆದೆ. ಹಾವಿಗೆ ತಾಗಲಿಲ್ಲ, ಅದರ ಮುಂದಿನ ಉಸುಕಿಗೆ ಬಿದ್ದು ದೂಳೆದ್ದಿತು. ಹಾವು ತಲೆಯನ್ನು ಇನ್ನಷ್ಟು ಹಿಂದಕ್ಕೆಳೆದುಕೊಂಡಿತು. ಇನ್ನು ಏರಲಾರದು ಎಂದುಕೊಂಡಿದ್ದ ಸದ್ದು ಇನ್ನೂ ಏರಿತು. ಅಜ್ಜ ನನ್ನ ಅಂಗಿಯ ಕಾಲರನ್ನು ಹಿಂದಿನಿಂದ ಹಿಡಿದು, ಕರುವನ್ನು ಎಳೆದ ಹಾಗೆ ಎಳೆದರು. ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದೆವು. ದೂರ ಹೆಚ್ಚಿದಂತೆ ಸದ್ದು ಇಳಿಯಿತು, ಒಡೆದು ಮತ್ತೆ ಜರ್ ಜರ್ ಆಯಿತು, ನಿಂತಿತು. ಹಾವು ಸಿಂಬಿ ಬಿಚ್ಚಿ, ಬಾಲವನ್ನು ನೆಲಕ್ಕೆ ಸೋಕದಂತೆ ಎತ್ತಿಕೊಂಡು, ನಾಲ್ಕಡಿ ಉದ್ದದ ಮೈಯನ್ನು ಯಾವ ಅವಸರವೂ ಇಲ್ಲದೆ ಬಂಡೆಯ ಸಂದಿಗೆ ಸೇರಿಸಿತು. ಹೊಸ ಸೀರೆಯ ಸೆರಗು ಎತ್ತಿಕೊಂಡು ಕೆಸರು ದಾಟುವವರನ್ನು ನೋಡಿದ್ದೇನೆ. ಅದೇ ಜಾಗ್ರತೆ.

ಹತ್ತು ನಿಮಿಷ ಅಲ್ಲೇ ಕೂತೆವು. ಆಮೇಲೆ ಅಜ್ಜ ಎದ್ದುಹೋಗಿ, ನನ್ನ ಬೂಟಿನ ಗುರುತಿನ ಪಕ್ಕ ನಿಂತು, ಹಾವು ಕೂತಿದ್ದ ನೆರಳಿನ ತನಕ ಹೆಜ್ಜೆ ಹಾಕಿ ಅಳೆದರು. ಸಂದಿಯ ಕಡೆ ಒಂದು ಕಣ್ಣಿಟ್ಟೇ ಅಳೆದರು. "ಒಂಬತ್ತು ಅಡಿ. ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಅದು ಎಗರಿದರೆ ತನ್ನ ಮೈಯ ಅರ್ಧದಷ್ಟು ದೂರ, ಅಷ್ಟೆ. ಆದರೆ ಕಲ್ಲಿಗೆ ಅಂತ ನೀನು ಕೈ ಹಾಕಿದ ಪೊದೆಯೊಳಗೆ ಇನ್ನೊಂದು ಇದ್ದಿದ್ದರೆ?"

ಆ ಉದ್ಯಾನದಲ್ಲಿ ಹಾವಿಗೆ ಕಲ್ಲು ಹೊಡೆಯುವುದು ಅಪರಾಧ ಎಂದು ನನಗೆ ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು, ಆದರೆ ಅವರು ಕಾನೂನಿನ ಮಾತೆತ್ತಲಿಲ್ಲ. ಚಿತ್ರದ ಬಂಡೆಗಳನ್ನು ನೋಡುವ ಉತ್ಸಾಹ ಇಬ್ಬರಿಗೂ ಉಳಿದಿರಲಿಲ್ಲ, ನೇರ ಗಣಿಯ ಕಡೆ ಹೊರಟೆವು. ಅರ್ಧ ದಾರಿಯ ತನಕ ಮಾತಿಲ್ಲ. ಆಮೇಲೆ ಹಿಂತಿರುಗಿ ನೋಡದೆ ಹೇಳಿದರು: "ಗಣಿಯಲ್ಲಿ ಡೈನಮೈಟ್ ಸಿಡಿಸುವ ಮುಂಚೆ ಸೈರನ್ ಕೂಗಿಸುತ್ತಾರೆ. ಮೂವತ್ತು ವರ್ಷದಲ್ಲಿ ಸೈರನ್‌ಗೆ ಕಲ್ಲು ಹೊಡೆದವನನ್ನು ನಾನು ನೋಡಿರಲಿಲ್ಲ."

ಗಣಿಯೆಂದರೆ ಒಂದು ಮೋಟು ಗೋಡೆಯ ಕಲ್ಲುಮನೆ, ಅದಿರಿನ ಕಸದ ಗುಡ್ಡೆ, ಮುಚ್ಚಿದ ಬಾವಿ. ಗೋಡೆಯ ನೆರಳಲ್ಲಿ ಕೂತು, ಅವರು ತಂದಿದ್ದ ಸೇಬು ತಿನ್ನುತ್ತ, ಚಿಕ್ಕಪ್ಪನ ಕಥೆ ಹೇಳಿದೆ. ಸಮಜಾಯಿಷಿ ಕೊಡುವುದಕ್ಕಾಗಿಯೇ ಹೇಳಿದೆ ಎಂದು ಈಗ ಅನ್ನಿಸುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಬೇಸಿಗೆ ಶೇಂಗಾಕ್ಕೆ ನೀರು ಕಟ್ಟಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದು ರಾತ್ರಿ, ಅದೂ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ. ರೈತನಿಗೆ ನಿದ್ದೆ ಎಂಬುದೊಂದಿದೆ ಎಂದು ಕರೆಂಟಿನವರು ಯೋಚಿಸಿದ್ದನ್ನು ನಾನಂತೂ ಕಂಡಿಲ್ಲ. ಚಿಕ್ಕಪ್ಪ ಬರಿಗಾಲಲ್ಲಿ, ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಬ್ಯಾಟರಿ. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಮೊದಲು ಮಂತ್ರ ಹಾಕುವವನ ಮನೆಗೆ ಹೋದರು. ಆಮೇಲೆ ಒಯ್ದ ಆಸ್ಪತ್ರೆಯಲ್ಲಿ ಔಷಧಿ ಇರಲಿಲ್ಲ. ಜೀಪು ಹುಡುಕಿ ದೊಡ್ಡಾಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು, ಹಲ್ಲಿನ ಸಂದಿಯಿಂದ ರಕ್ತ ಜಿನುಗುತ್ತಿತ್ತಂತೆ. ಮೂರನೇ ದಿನ ಮೂತ್ರ ಕಟ್ಟಿತು. ಐದನೇ ದಿನ ಹೆಣ ಬಂತು. ಹಾವನ್ನು ಆ ರಾತ್ರಿಯೇ ಬಡಿದು ಕೊಂದಿದ್ದರು. ಬೇಲಿಯ ಜಾಲಿಗೆ ನೇತು ಹಾಕಿದ್ದನ್ನು ನಾನು ನೋಡಿದೆ. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ.

ಅಜ್ಜ ಸೇಬು ತಿನ್ನುವುದನ್ನು ನಿಲ್ಲಿಸಿದ್ದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಆ ಹಾವು ಸದ್ದು ಮಾಡಲಿಲ್ಲವೇ?"

ಕೊಳಕುಮಂಡಲ ಸದ್ದು ಮಾಡದ ಹಾವಲ್ಲ. ಅದರಷ್ಟು ಜೋರಾಗಿ ಬುಸುಗುಟ್ಟುವ ಹಾವು ನಮ್ಮಲ್ಲಿ ಇನ್ನೊಂದಿಲ್ಲ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಉಸಿರು ಬಿಡುತ್ತದಲ್ಲ, ಥೇಟ್ ಹಾಗೆ. ಚಿಕ್ಕಪ್ಪ ಅದನ್ನು ಏಕೆ ಕೇಳಿಸಿಕೊಳ್ಳಲಿಲ್ಲ? ನಾನು ಯಾವತ್ತೂ ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದೆ.

ಅಂದು ಸಂಜೆ ಅಜ್ಜ ಅಡುಗೆಮನೆಯ ಕಪಾಟಿನಿಂದ ತಂಬಾಕಿನ ಹಳೇ ತಗಡಿನ ಡಬ್ಬಿ ತೆಗೆದರು. ಒಳಗೆ ಒಂದು ಗಿಲಕಿ. ಗಣಿಯ ಶೆಡ್ಡಿನಲ್ಲಿ ಲಾರಿ ಹತ್ತಿ ಸತ್ತಿದ್ದ ಹಾವಿನದಂತೆ. ಹೆಬ್ಬೆರಳಿನಷ್ಟು ಉದ್ದ, ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣ, ಎಂಟು ಗಂಟು. ಅಲ್ಲಾಡಿಸಿದರೆ ಬೆಳಗಿನ ಸದ್ದಿನ ಒಂದು ಬಡ ಮರಿ ಹೊರಬಂತು. ಒಳಗೆ ಬೀಜ ಇದೆಯೇ ಎಂದು ಕೇಳಿದೆ. ಅವರು ತುದಿಯ ಒಂದು ಗಂಟನ್ನು ಉಗುರಿಂದ ಮುರಿದು ಅಂಗೈ ಮೇಲಿಟ್ಟರು. ಖಾಲಿ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದ ತೆಳು ಬಟ್ಟಲು. ಒಂದರೊಳಗೊಂದು ಸಡಿಲವಾಗಿ ಸಿಕ್ಕಿಸಿದ ಇಂಥ ಬಟ್ಟಲುಗಳು ತಮ್ಮತಮ್ಮಲ್ಲೇ ತಾಗಿ ಆ ಸದ್ದು ಹುಟ್ಟುತ್ತದೆ. ಹುಟ್ಟುವಾಗ ಮರಿಯ ಬಾಲದಲ್ಲಿ ಒಂದೇ ಗುಂಡಿ. ಒಂಟಿ ಗುಂಡಿ ಸದ್ದು ಮಾಡಲಾರದು, ತಾಗಲು ಜೊತೆ ಬೇಕಲ್ಲ. ಪೊರೆ ಬಿಟ್ಟಾಗಲೊಮ್ಮೆ ಒಂದೊಂದು ಗಂಟು ಸೇರುತ್ತ ಹೋಗುತ್ತದೆ. ಗಂಟು ಎಣಿಸಿ ಹಾವಿನ ವಯಸ್ಸು ಹೇಳಬಹುದು ಎಂಬ ನಂಬಿಕೆ ಅಲ್ಲೂ ಇದೆ, ಅದು ಸುಳ್ಳು. ವರ್ಷಕ್ಕೆ ಎರಡು ಮೂರು ಸಲ ಪೊರೆ ಬಿಡುವುದುಂಟು, ತುದಿಯ ಗಂಟುಗಳು ಉದುರುವುದೂ ಉಂಟು. ಬಾಲದ ಸ್ನಾಯು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಅದನ್ನು ಅಲ್ಲಾಡಿಸುತ್ತದೆ, ಅದೂ ಸುಸ್ತಿಲ್ಲದೆ. ಇದೆಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಬೇರೆ. ಹಾವಿನ ಕಿವಿಗೆ ಎಟುಕುವುದು ಹೆಚ್ಚಾಗಿ ತಗ್ಗು ಸ್ಥಾಯಿಯ ಸದ್ದು. ತನ್ನ ಗಿಲಕಿಯ ಸದ್ದು ಅದಕ್ಕೇ ಸರಿಯಾಗಿ ಕೇಳಿಸದು. ಅದು ಪೂರ್ತಿಯಾಗಿ ಎದುರಿನವರಿಗೆಂದೇ ಇರುವ ಸದ್ದು.

ರಾತ್ರಿ ಮನೆಗೆ ಫೋನ್ ಮಾಡಿದೆ. ಅಲ್ಲಿ ಬೆಳಗು. ಹಾವಿನ ಸುದ್ದಿ ಕೇಳಿದ ಅಪ್ಪನ ಮೊದಲ ಮಾತು, "ಬಡದ್ರೇನು ಅದನ್ನ?"

"ಇಲ್ಲಪ್ಪ, ಅದರ ಪಾಡಿಗೆ ಅದು ಹೋತು."

ಆ ಕಡೆ ಸ್ವಲ್ಪ ಹೊತ್ತು ಮೌನ. "ಬಿಟ್ಟುಬಿಟ್ರಾ..." ಎಂದು ಫೋನನ್ನು ಅವ್ವನ ಕೈಗೆ ಕೊಟ್ಟರು. ಚಿಕ್ಕಪ್ಪನ ಹಾವು ಸದ್ದು ಮಾಡಿತ್ತೇ ಎಂದು ಕೇಳಬೇಕೆಂದುಕೊಂಡಿದ್ದೆ. ಬಾಯಿ ಬರಲಿಲ್ಲ. ತಮ್ಮನ ಸಾವಿನ ಮಾತನ್ನು ನಮ್ಮಪ್ಪ ಎಂದೂ ಎತ್ತಿದವರಲ್ಲ.

ಓದು ಮುಗಿಯಿತು, ಇನ್ನೆರಡು ವರ್ಷ ಅಲ್ಲೇ ಕೆಲಸ ಮಾಡಿ ಬೆಂಗಳೂರಿಗೆ ಬಂದೆ. ಕಥೆಯೂ ಜೊತೆಗೆ ಬಂತು, ಕಲ್ಲನ್ನು ಅಲ್ಲೇ ಬಿಟ್ಟು. ನನ್ನ ಕಥೆಯಲ್ಲಿ ನಾನು ಅಲುಗಾಡದೆ ನಿಂತು, ಹಾವಿನ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಗೆ ಹಿಂದೆ ಸರಿದಿದ್ದೆ. ಕೇಳಿದವರೆಲ್ಲ, "ಮೂರೇ ಅಡಿ! ಆದರೂ ಎಂಥ ಧೈರ್ಯ!" ಎನ್ನುತ್ತಿದ್ದರು.

2021ರಲ್ಲಿ, ಕೊರೊನಾದಿಂದಾಗಿ ಮನೆಯಲ್ಲೇ ಕೂತಿದ್ದ ದಿನಗಳಲ್ಲಿ, ಪತ್ರಿಕೆಯೊಂದರಲ್ಲಿ ಗಿಲಕಿ ಹಾವಿನ ಸುದ್ದಿ ಕಣ್ಣಿಗೆ ಬಿತ್ತು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದವರೂ ಸೇರಿ ನಡೆಸಿದ ಸಂಶೋಧನೆ, ಕರೆಂಟ್ ಬಯಾಲಜಿ ನಿಯತಕಾಲಿಕದಲ್ಲಿ ಅಚ್ಚಾಗಿತ್ತು. ಯಾರಾದರೂ ಹತ್ತಿರ ಬರುತ್ತಿದ್ದರೆ ಹಾವು ಮೊದಲು ಸೆಕೆಂಡಿಗೆ 40 ಸಲದ ತನಕ ನಿಧಾನವಾಗಿ ಗಿಲಕಿಯ ವೇಗ ಏರಿಸುತ್ತ ಹೋಗುತ್ತದೆ. ಇನ್ನಷ್ಟು ಹತ್ತಿರ ಬಂದರೆ ಇದ್ದಕ್ಕಿದ್ದಂತೆ 60ರಿಂದ 100ರ ನಡುವಿನ ವೇಗಕ್ಕೆ ಹಾರಿಸುತ್ತದೆ. ಹಾಗೆ ಹಾರಿದಾಗ ನಮ್ಮ ಕಿವಿಗೆ ಅದು ಬಿಡಿ ಬಿಡಿ ಬಡಿತವಾಗಿ ಕೇಳದೆ ಒಂದೇ ಎಳೆಯಾಗಿ ಕೇಳುತ್ತದೆ. ಕಣ್ಣಿಗೆ ಕಟ್ಟುವ ಕನ್ನಡಕದೊಳಗೆ ಹುಲ್ಲುಗಾವಲೊಂದನ್ನು ಸೃಷ್ಟಿಸಿ, ಅದರೊಳಗೆ ಮನುಷ್ಯರನ್ನು ನಡೆಸಿ, ಕಾಣದ ಹಾವಿನ ಸದ್ದು ಕೇಳಿಸಿ ನೋಡಿದ್ದರು. ವೇಗ ಹಾರಿದ ಕೂಡಲೇ ಜನ ಹಾವು ಇರುವುದಕ್ಕಿಂತ ತೀರ ಹತ್ತಿರದಲ್ಲಿದೆ ಎಂದು ಭಾವಿಸಿದ್ದರು.

ಓದಿ ಮುಗಿಸಿ ಸುಮ್ಮನೆ ಕೂತೆ. ಒಗ್ಗರಣೆಗೆ ನೀರು ಬಿದ್ದ ಹಾಗೆ ಎಂದು ನಾನು ಅಷ್ಟು ವರ್ಷ ವರ್ಣಿಸುತ್ತ ಬಂದದ್ದು ಆ ಹಾರಿದ ಗಳಿಗೆಯನ್ನೇ. ಮೂರು ಅಡಿ ಎಂದು ನನಗೆ ಹೇಳಿದ್ದು ಹಾವು. ಇನ್ನೂ ಆರು ಅಡಿ ಬಾಕಿ ಇರುವಾಗಲೇ ಹೇಳಿ ನನ್ನನ್ನು ನಿಲ್ಲಿಸಲು ನೋಡಿತ್ತು. ಗಣಿ ಅಜ್ಜನಿಗೆ ಫೋನ್ ಮಾಡಿ ಒಂಬತ್ತೇ ಸರಿ ಎಂದು ಒಪ್ಪಿಕೊಳ್ಳಬೇಕು ಅನ್ನಿಸಿತು. ಅವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನರಿಗೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದಾರು ಮಂದಿ. ನಮ್ಮಲ್ಲಿ 2000ದಿಂದ 2019ರ ತನಕದ ಲೆಕ್ಕ ಹಾಕಿದವರು ವರ್ಷಕ್ಕೆ ಸರಾಸರಿ 58,000 ಸಾವು ಎಂದಿದ್ದಾರೆ. ಅವರ ಹಾವು ಸಭ್ಯ, ನಮ್ಮ ಹಾವು ದುಷ್ಟ ಎಂದು ಇದರಿಂದ ಯಾರಾದರೂ ತಿಳಿದರೆ ಅದು ಮೂರ್ಖತನ. ನಮ್ಮ ಗರಗಸಮಂಡಲ ಮೈಯ ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ ಗರಗರ ಎನಿಸುತ್ತದೆ, ನಾಗರ ಹೆಡೆ ಎತ್ತುತ್ತದೆ, ಕೊಳಕುಮಂಡಲ ಬುಸುಗುಡುತ್ತದೆ. ಸದ್ದಿಲ್ಲದೆ ಬರುವುದೆಂದರೆ ಕಟ್ಟುಹಾವು. ಅಮೆರಿಕದಲ್ಲಾದರೆ ಕಾಲಲ್ಲಿ ಬೂಟಿದೆ, ಹಗಲು ಹೊತ್ತಿನ ವಿಹಾರವಿದೆ, ಕರೆದರೆ ಬರುವ ಆಂಬುಲೆನ್ಸ್ ಇದೆ. ಆಮೇಲೆ ಬರುವ ಬಿಲ್ಲಿನ ಮಾತು ಬೇರೆ, ಅದು ಲಕ್ಷ ಡಾಲರ್ ದಾಟಿದ ಕಥೆಗಳನ್ನೂ ಕೇಳಿದ್ದೇನೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಚಿಕ್ಕಪ್ಪನನ್ನು ಯಾರೂ ಯಾವ ಪಟ್ಟಿಗೂ ಬರೆದುಕೊಂಡಿರಲಿಲ್ಲ.

ಆ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಕರೆಂಟು ಬಂದದ್ದು ರಾತ್ರಿ ಹತ್ತೂವರೆಗೆ. ಅಪ್ಪನ ಜೊತೆ ನಾನೂ ಹೊಲಕ್ಕೆ ನಡೆದೆ. ಅಪ್ಪನಿಗೆ ಆಗ ಎಪ್ಪತ್ತೈದು, ಕಾಲಲ್ಲಿ ನಾನು ತಂದುಕೊಟ್ಟ ಗಮ್ ಬೂಟು. ಮಗ ತಂದನಲ್ಲ ಎಂಬ ಮುಲಾಜಿಗೆ ಹಾಕಿಕೊಳ್ಳುತ್ತಾರೆ, ನಾನು ಬೆಂಗಳೂರಿಗೆ ಹೋದ ಮೇಲೆ ಬರಿಗಾಲು. ಮೋಟ್ರು ಹಾಕಿ, ಕಾಲುವೆಗೆ ನೀರು ತಿರುಗಿಸಿ, ಪಂಪ್‌ಸೆಟ್ ಮನೆಯ ಕಟ್ಟೆ ಮೇಲೆ ಕೂತೆವು. ಏನು ತೋಚಿತೋ, ಮೊಬೈಲ್ ತೆಗೆದು, "ಅಪ್ಪ, ಅಮೆರಿಕದಾಗ ನಾ ಕಂಡಿದ್ದ ಹಾವು ಹೆಂಗ ಸದ್ದು ಮಾಡ್ತದ ಕೇಳಿಲ್ಲಿ" ಎಂದು ಒಂದು ರೆಕಾರ್ಡಿಂಗ್ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಅಪ್ಪ ಕಣ್ಣು ಮುಚ್ಚಿ ಆಲಿಸಿದರು. ತಲೆಯಾಡಿಸಿದರು. ಫೋನಿನ ದನಿಯನ್ನು ಪೂರ್ತಿ ಏರಿಸಿದೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಿವಿಗೆ ಒತ್ತಿ ಮತ್ತೆ ಆಲಿಸಿದರು.

"ಮೋಟ್ರು ಬಂದ್ ಮಾಡು ಮೊದ್ಲು," ಎಂದರು. "ಇದರ ಸದ್ದಿನಾಗ ಏನೂ ಕೇಳಂಗಿಲ್ಲ."

ನಾನು ಎದ್ದೆ. ಸ್ಟಾರ್ಟರ್ ಪೆಟ್ಟಿಗೆ ಇದ್ದದ್ದು ಮನೆಯ ಆ ಬದಿಗೆ, ಬದುವಿನ ಮೇಲೆ ಹಾಯ್ದು ಹೋಗಬೇಕು. ಬ್ಯಾಟರಿ ಬೆಳಕನ್ನು ಕಾಲ ಮುಂದೆ ಹಾಕಿಕೊಂಡೆ. ಅಪ್ಪ ಹಿಂದಿನಿಂದ ಕೋಲನ್ನು ನನ್ನ ಕೈಗಿತ್ತು, ನೆಲಕ್ಕೆ ಬಡಿದುಕೊಂತ ಹೋಗು ಎಂಬಂತೆ ಸನ್ನೆ ಮಾಡಿದರು.